ನಾನಿಟ್ಟ ಅರಿಶಿನದ ಕೊಂಬು

ಗಿರಿಜಮ್ಮ, ಆ ಅರಿಶಿನದ ಕೊಂಬನ್ನು ಬುಟ್ಟಿಯಲ್ಲಿಟ್ಟವನು ನಾನು.

ನಿಮ್ಮ ಗಂಡ ರುದ್ರಪ್ಪ ಇಡಲಿಲ್ಲ. ಅವನಿಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ. ನನ್ನ ತಾಯಿಯೂ ಇಡಲಿಲ್ಲ — ಆಕೆಯ ಹೆಸರನ್ನು ನಡುವೆ ಎಳೆದು ತಂದದ್ದು ನನ್ನ ಇನ್ನೊಂದು ಪಾಪ. ಮಧುಗಿರಿ ಪೇಟೆ ಬೀದಿಯ ಮಲ್ಲಪ್ಪನಾದ ನಾನು, ಹಾಡಹಗಲಲ್ಲಿ, ಬುದ್ಧಿ ನೆಟ್ಟಗಿರುವಾಗಲೇ, ನನ್ನ ಕೈಯಾರೆ ಇಟ್ಟೆ. ಮೂವತ್ತು ವರ್ಷದ ಹಿಂದೆ ನಿಮ್ಮ ಮನೆಯ ಪಡಸಾಲೆಯಲ್ಲಿ ಕಂಬದ ಮರೆಗೆ ನಿಂತು ನೀವು ಹೇಳಿದ ಒಂದೊಂದು ಮಾತೂ ನಿಜ. ಸುಳ್ಳು ಹೇಳಿದವನು ನಾನು. ಎಲ್ಲರೂ ನಂಬಿದ್ದೂ ನನ್ನನ್ನೇ.

ಇಷ್ಟನ್ನು ಬರೆಯಲು ಎಷ್ಟು ಸಲ ಕೂತೆ, ಎಷ್ಟು ಸಲ ಎದ್ದೆ! ಪ್ರತಿ ಸಲವೂ ಒಂದು ನೆಪ. ಮೊದಲು ನನ್ನ ತಾಯಿ ಇರುವವರೆಗೆ ಬೇಡ ಎಂದೆ, ಆಮೇಲೆ ರುದ್ರನ ತಾಯಿ ಇರುವವರೆಗೆ ಬೇಡ ಎಂದೆ, ಆಮೇಲೆ — ಆಮೇಲೆ ಯಾರೂ ಇರಲಿಲ್ಲ, ಆದರೂ ಸುಮ್ಮನಿದ್ದೆ. ಇವತ್ತು ಮಾತ್ರ ಏಳುವುದಿಲ್ಲ ಎಂದು ಕೂತಿದ್ದೇನೆ.

ನಮ್ಮ ಮನೆಗಳ ಪದ್ಧತಿ ನಿಮಗೆ ಗೊತ್ತೇ ಇದೆ. ಮುಂದೆ ಇದನ್ನು ಓದುವ ಮಕ್ಕಳಿಗೆ ಗೊತ್ತಿರಲಾರದು ಎಂದು ಹೇಳುತ್ತೇನೆ. ಮದುಮಗನಿಗೆ ಅರಿಶಿನ ಹಚ್ಚಿದ ಮೇಲೆ ಮದುವೆಯ ದಿಬ್ಬಣ ಹೊರಡುವವರೆಗೆ ಅವನು ಊರ ಗಡಿ ದಾಟುವಂತಿಲ್ಲ. ಆದ್ದರಿಂದ ಅದಕ್ಕೆ ಮುಂಚೆ ಗೆಳೆಯರೆಲ್ಲ ಸೇರಿ ಅವನನ್ನು ಹೊರಗೆ ಕರೆದುಕೊಂಡು ಹೋಗಿ ಒಂದು ದಿನ ಊಟ ಹಾಕುತ್ತಿದ್ದರು. ಗೆಳೆಯರ ಬುತ್ತಿ ಎಂದು ಅದಕ್ಕೆ ಹೆಸರು. ಆ ಊಟಕ್ಕೆ ಹೆಣ್ಣಿನ ಮನೆಯಿಂದಲೂ ಒಂದು ಬುಟ್ಟಿ ಬುತ್ತಿ ಬರಬೇಕು; ಗೆಳೆಯರಲ್ಲಿ ಒಬ್ಬ ಹೋಗಿ ಅದನ್ನು ಕೇಳಿ ತರಬೇಕು. ಬುಟ್ಟಿಯನ್ನು ಬರಿದಾಗಿ ಹಿಂದಕ್ಕೆ ಕಳಿಸಬಾರದು. ಬೆಲ್ಲದ ಅಚ್ಚೋ, ತೆಂಗಿನಕಾಯಿಯೋ, ಏನಾದರೂ ಒಂದನ್ನು ಇಟ್ಟು ಕಳಿಸಬೇಕು. ಇಷ್ಟೇ ಪದ್ಧತಿ. ಇಷ್ಟರಲ್ಲಿ ನಾನು ಎಂಥ ಕೆಲಸ ಮಾಡಿಬಿಟ್ಟೆ!

ರುದ್ರಪ್ಪ ನನ್ನ ಗೆಳೆಯ ಎಂದರೆ ಸಾಲದು. ನಮ್ಮ ಎರಡು ಮನೆಗಳಿಗೆ ನಡುಗೋಡೆ ಒಂದೇ. ಬಾವಿ ಒಂದೇ. ಅವನಿಗೆ ಸಿಡುಬು ಬಂದಾಗ ಬೇಡವೆಂದರೂ ಹೋಗಿ ಮಗ್ಗುಲಲ್ಲಿ ಮಲಗಿ, ನಾನೂ ಬರಿಸಿಕೊಂಡೆ. ನಮ್ಮಿಬ್ಬರ ಮುಖದ ಕಲೆಗಳೂ ಒಂದೇ ವಯಸ್ಸಿನವು. ಅವನ ಮದುವೆ ಪಾವಗಡದಲ್ಲಿ ಗೊತ್ತಾಯಿತು ಎಂದ ದಿನ ಬೀದಿಗೆಲ್ಲ ಸಕ್ಕರೆ ಹಂಚಿದವನು ನಾನೇ. ಹಂಚಿ ಮನೆಗೆ ಬಂದು ಕೂತಾಗ ಎದೆಯಲ್ಲಿ ಏನೋ ಒಂದು ಖಾಲಿಯಾದಂತೆ — ಅದು ಏನೆಂದು ಆಗ ಹೆಸರಿಡಲು ಬರಲಿಲ್ಲ. ಈಗ ಬರುತ್ತದೆ. ಇನ್ನು ಮೇಲೆ ಸಂಜೆಯ ಹೊತ್ತು ಅವನು ನನ್ನ ಜಗಲಿಗೆ ಬರುವುದು ತಪ್ಪುತ್ತದೆ ಎಂಬ ದುಃಖ. ಇಪ್ಪತ್ತೆರಡು ವರ್ಷದ ಗಂಡಸಿಗೆ ಇಂಥ ದುಃಖವನ್ನು ಬಾಯಿಬಿಟ್ಟು ಹೇಳಲಾಗುತ್ತದೆಯೇ? ಯಾರಾದರೂ ನಕ್ಕಾರು.

ಹೇಳಲಾಗದ್ದಕ್ಕೆ ಊಟ ಹಾಕಲು ಹೊರಟೆ. ಗೆಳೆಯರ ಬುತ್ತಿಯನ್ನು ನಾನೇ ಮಾಡಿಸುತ್ತೇನೆ, ಅಂಥದ್ದನ್ನು ಈ ತಾಲ್ಲೂಕಿನಲ್ಲಿ ಯಾರೂ ಕಂಡಿರಬಾರದು ಎಂದು ಹಟ ಹಿಡಿದೆ. ಯಾರ ಮನೆಯ ಕಾರ್ಯವಾದರೂ ‘ಮಲ್ಲಣ್ಣನ್ನ ಕರೀರಿ’ ಎನ್ನುತ್ತಿದ್ದ ಕಾಲ. ನನಗೆ ಅಹಂಕಾರವೂ ಕಡಿಮೆ ಇರಲಿಲ್ಲ. ಎಲ್ಲರೂ ತೋಟದಲ್ಲೋ ಕೆರೆಯ ಏರಿಯ ಮೇಲೋ ಊಟ ಹಾಕುತ್ತಾರೆ. ನಾನು ಮಧುಗಿರಿ ಬೆಟ್ಟದ ತುದಿಯಲ್ಲಿ ಹಾಕಿಸುತ್ತೇನೆ ಎಂದೆ. ಆ ಬಂಡೆ ಹತ್ತುವುದೇ ಒಂದು ಕಷ್ಟ, ಇನ್ನು ಹುಗ್ಗಿಯ ಹಂಡೆ ಹೊತ್ತು ಹತ್ತುವುದೆಂದರೆ! ‘ಲೇ, ನಿಂಗೆ ತಲೆ ಕೆಟ್ಟೈತೇನ್ಲಾ’ ಎಂದು ರುದ್ರ ಬೈದ. ಬೈಯುತ್ತಲೇ ಅವನ ಕಣ್ಣು ಅರಳಿದ್ದನ್ನು ಕಂಡೆ.

ಯಾಕೆಂದರೆ ನನಗೆ ಒಂದು ಗುಟ್ಟು ಗೊತ್ತಿತ್ತು. ಹತ್ತು ವರ್ಷದವನಿದ್ದಾಗ ಅವನು ಒಂದು ಸಲ ಕೋಟೆಯ ಬಾಗಿಲ ಹತ್ತಿರ ನಿಂತು, ‘ಆ ತುದೀಲಿ ನಿಂತು ಗಾಳಿಪಟ ಬುಟ್ರೆ ಎಲ್ಲಿಗಂಟ ಹೋಗ್ತದೋ’ ಎಂದಿದ್ದ. ಅವನು ಮರೆತಿದ್ದ. ನಾನು ಮರೆತಿರಲಿಲ್ಲ. ಸಿರಾಕ್ಕೆ ಹೋಗಿ, ಅತ್ತರಿನ ಅಂಗಡಿಯ ಹುಸೇನ್ ಸಾಬಿಯನ್ನು ಹಿಡಿದೆ. ಅವನು ನಮ್ಮ ಜೊತೆಯವನೇ. ಬಿಡುವಿದ್ದಾಗ ಗಾಳಿಪಟ ಕಟ್ಟುವುದು ಅವನ ಹುಚ್ಚು. ಕೆಂಪು ಪಟ, ಹಳದಿ ಬಾಲಂಗೋಚಿ, ಆಳೆತ್ತರದ್ದು ಬೇಕು ಎಂದೆ. ‘ಅರೆ ಮಲ್ಲಣ್ಣ ಭಾಯ್, ಬೆಟ್ಟದ್ ಮೇಲೆ ಹವಾ ಭಾರಿ ಜೋರು. ದಾರ ಎರಡೆಳೆ ಹೊಸೆದು ತರ್ತೀನಿ. ನೀವ್ ಫಿಕರ್ ಮಾಡ್ಬ್ಯಾಡಿ’ ಎಂದ. ಬಡವನಹಳ್ಳಿ ಸಂತೆಯಲ್ಲಿ ಸೌತೆಕಾಯಿಯನ್ನು ಒಂದೊಂದಾಗಿ ಕಚ್ಚಿ ನೋಡಿ ಆರಿಸಿದೆ — ಮಾರುವವಳು ಬೈದಳು. ಕೊಳಾಲದ ಕಡೆಯಿಂದ ಬೆಲ್ಲ ತರಿಸಿದೆ. ಬೆಟ್ಟದ ಜೇನು ಇಳಿಸುವವನನ್ನು ಮೂರು ದಿನ ಕಾಡಿ ಒಂದು ಚೊಂಬು ಜೇನುತುಪ್ಪ ಗಿಟ್ಟಿಸಿದೆ. ಮದುವೆ ಮಾಡುವವರಿಗೂ ಅಷ್ಟು ಓಡಾಟ ಇದ್ದಿರಲಾರದು.

ಇನ್ನುಳಿದದ್ದು ಪಾವಗಡದ ಬುತ್ತಿ. ನಿಮ್ಮ ಕಡೆ ಮನೆಮಾತಿನಲ್ಲಿ ಅರ್ಧ ತೆಲುಗು. ನಮ್ಮ ಗುಂಪಿನಲ್ಲಿ ತೆಲುಗು ಓದಲು, ಆಡಲು ಬರುತ್ತಿದ್ದವನು ನಾನೊಬ್ಬನೇ. ಗಾಡಿ ಕಟ್ಟಿಸಿಕೊಂಡು ನಾನೇ ಹೊರಟೆ.

ನಿಮಗೆ ಆ ದಿನ ಎಷ್ಟು ನೆನಪಿದೆಯೋ ಕಾಣೆ. ನನಗೆ ನಿಮ್ಮ ಹಿತ್ತಲಿನ ಒಂದೊಂದು ಕಲ್ಲೂ ನೆನಪಿದೆ. ನಿಮ್ಮ ತಂದೆ ನನ್ನನ್ನು ಕೂರಿಸಿ ಉಪಚಾರ ಮಾಡಿದರು. ನಿಮ್ಮ ಚಿಕ್ಕಮ್ಮ ಕರಜಿಕಾಯಿ, ಚಕ್ಕುಲಿ, ಕಡಲೇಕಾಯಿ ಉಂಡೆ ತುಂಬಿಸಿದರು. ಬಿದಿರಿನ ಬುಟ್ಟಿ, ಮುಚ್ಚಳಕ್ಕೆ ಕೆಂಪು ಬಟ್ಟೆ. ನಾನು ಕೈ ತೊಳೆಯಲು ಹಿತ್ತಲಿಗೆ ಬಂದಾಗ ಹುಣಸೇಮರದ ಕೆಳಗೆ ನೀವು ನಿಂತಿದ್ದಿರಿ. ನಿಮ್ಮ ಸೆರಗು ಹಿಡಿದು ನಿಮ್ಮ ತಂಗಿ ಚಿನ್ನಮ್ಮ ನಿಂತಿತ್ತು — ಏಳು ವರ್ಷದ ಕೂಸು, ಮಾತು ಬಾರದು. ನಿಮ್ಮ ತಾಯಿ ತೀರಿಕೊಂಡಾಗ ಒಂದು ವರ್ಷದ್ದಂತೆ. ಆ ಮಗು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮುಷ್ಟಿಯಲ್ಲಿದ್ದ ಹುಣಸೆ ಬೀಜಗಳನ್ನೆಲ್ಲ ನನ್ನ ಅಂಗೈಗೆ ಸುರಿಯಿತು. ಏನೋ ದೊಡ್ಡ ಉಡುಗೊರೆ ಕೊಟ್ಟಂತೆ ನಕ್ಕಿತು. ನಾನು ಅವನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

ಆಗ ನೀವು ಹೇಳಿದಿರಿ. ತಲೆ ಎತ್ತದೆ, ಆದರೆ ತಡವರಿಸದೆ. ‘ಒಂದ್ ಮಾತು ತಲುಪುಸ್ತೀರಾ? ನನ್ ತಂಗೀನ ಜತೇಗೆ ಕರ್ಕಂಡ್ ಬತ್ತೀನಿ. ಅವ್ಳು ನನ್ ಕೈಯಾಗಲ್ದೆ ಯಾರ್ ಕೈಯಾಗೂ ಉಣ್ಣಾಕಿಲ್ಲ. ಒಪ್ತಾರಾ ಅಂತ ಅವರ್ನೇ ಕೇಳಿ.’

‘ಹಿರೀಕರ ಕೈಲಿ ಹೇಳಿಸ್ಬೋದಲ್ಲಮ್ಮ’ ಎಂದೆ.

‘ಹಿರೀಕರು ಹಿರೀಕರ್ನ ಕೇಳ್ತಾರೆ. ನಂಗೆ ಅವರ ಮನಸು ಬೇಕು. ಒಪ್ಪಿದ್ರೆ ಬುಟ್ಟೀಲಿ ಒಂದು ಅರಿಶಿನದ ಕೊಂಬು ಇಟ್ಟು ಕಳ್ಸಲಿ. ಆಗಾಕಿಲ್ಲ ಅಂದ್ರೆ ಎಲ್ಲಾರಂಗೆ ಬೆಲ್ಲ ಇಡ್ಲಿ. ನಂಗೆ ಬೇಜಾರಿಲ್ಲ. ಅಪ್ಪಂಗೆ ನಾನೇ ಹೇಳಿ ಈ ಸಂಬಂಧ ಬುಡುಸ್ತೀನಿ.’

ಎಷ್ಟು ನೇರವಾದ ಮಾತು! ನಾನು ‘ಆಗಲಿ ತಾಯಿ, ಹೇಳ್ತೀನಿ’ ಎಂದೆ. ಆ ಗಳಿಗೆಯಲ್ಲಿ ಅದು ಸುಳ್ಳಾಗಿರಲಿಲ್ಲ. ಇದನ್ನು ನನ್ನ ಸಮರ್ಥನೆಗೆಂದು ಬರೆಯುತ್ತಿಲ್ಲ. ಸುಳ್ಳು ಎಲ್ಲಿಂದ ಶುರುವಾಯಿತು ಎಂದು ನನಗೇ ಹುಡುಕಿಕೊಳ್ಳಬೇಕಾಗಿದೆ, ಅದಕ್ಕೆ.

ಗಾಡಿ ಮಿಡಿಗೇಶಿ ದಾಟುವವರೆಗೂ ನಿಮ್ಮ ಮಾತನ್ನೇ ಬಾಯಲ್ಲಿ ಹೇಳಿಕೊಳ್ಳುತ್ತ ಬಂದೆ. ಆಮೇಲೆ ನಮ್ಮ ಬೆಟ್ಟ ಕಂಡಿತು. ಅದು ಕಂಡದ್ದೇ ತಡ, ಮನಸ್ಸು ಹುಗ್ಗಿಯ ಹಂಡೆಗೆ ಹೋಯಿತು, ಗಾಳಿಪಟಕ್ಕೆ ಹೋಯಿತು. ಜೊತೆಗೇ ಒಂದು ಭಯ ಬಂದು ಕೂತಿತು. ನಾನು ಇದನ್ನು ಹೇಳಿದರೆ ರುದ್ರ ಏನು ಮಾಡುತ್ತಾನೆ? ಒಪ್ಪುತ್ತಾನೆ. ಒಪ್ಪದೆ ಇರುವವನಲ್ಲ ಅವನು. ಒಪ್ಪಿದವನು ನೇರವಾಗಿ ತಾಯಿಯ ಮುಂದೆ ಹೋಗಿ ನಿಲ್ಲುತ್ತಾನೆ. ಆಕೆ ಗಲಾಟೆ ಮಾಡುತ್ತಾರೆ, ಊಟ ಬಿಡುತ್ತಾರೆ, ಇವನೂ ಬಿಡುತ್ತಾನೆ. ನಾಳೆ ಬೆಳಿಗ್ಗೆ ಬೆಟ್ಟ ಹತ್ತುವವರು ಯಾರು? ಲಗ್ನಕ್ಕೆ ಇದ್ದದ್ದು ಒಂಬತ್ತೇ ದಿನ, ನಾಡಿದ್ದು ಅರಿಶಿನ. ನಾಳೆ ತಪ್ಪಿದರೆ ಆ ದಿನ ತಪ್ಪಿದಂತೆಯೇ.

ಅವನು ಒಪ್ಪುತ್ತಿದ್ದ, ಗಿರಿಜಮ್ಮ. ಮೂವತ್ತು ವರ್ಷ ನನ್ನನ್ನು ಸುಟ್ಟದ್ದು ಅದೇ.

ನಿಮ್ಮ ಮನೆಯ ಗಾಡಿಯಾಳು ಬುಟ್ಟಿಯ ಜೊತೆಗೇ ಬಂದಿದ್ದ. ಬೆಳಿಗ್ಗೆ ನಾವು ಹೊರಡುವ ಗಡಿಬಿಡಿಯಲ್ಲಿ ಬಾಗಿಲಿಗೆ ಬಂದು, ‘ಬುಟ್ಟಿ ಕೊಟ್ಬುಡಿ ಸಾಮಿ, ಬಿಸ್ಲೇರಕ್ ಮುಂಚೆ ಹೋಯ್ತೀನಿ’ ಎಂದ. ನಾನು ಉಂಡೆ ಚಕ್ಕುಲಿಗಳನ್ನು ಬೇರೆ ಪಾತ್ರೆಗೆ ಸುರಿದು, ಬುಟ್ಟಿ ಹಿಡಿದು ಅಡುಗೆಮನೆಗೆ ಹೋದೆ. ಒಂದು ಕಡೆ ಬೆಲ್ಲದ ಗಡಿಗೆ, ಇನ್ನೊಂದು ಕಡೆ ಅರಿಶಿನದ ಡಬ್ಬಿ. ಗೋಡೆಯಾಚೆ ರುದ್ರ ಸ್ನಾನ ಮಾಡುತ್ತ ಹಾಡಿಕೊಳ್ಳುತ್ತಿದ್ದ. ಕೂಗಿದ್ದರೆ ಓಗೊಡುತ್ತಿದ್ದ. ಒಂದು ಕೂಗು — ಅಷ್ಟೇ ಬೇಕಾಗಿದ್ದದ್ದು. ನಾನು ಅರಿಶಿನದ ಕೊಂಬನ್ನು ತೆಗೆದು ಬುಟ್ಟಿಯ ತಳಕ್ಕಿಟ್ಟು, ಕೆಂಪು ಬಟ್ಟೆ ಕಟ್ಟಿ ಕೊಟ್ಟೆ. ಹೇಗೂ ಒಪ್ಪುತ್ತಾನಲ್ಲ, ಅವನ ಪರವಾಗಿ ನಾನು ಮುಂಚೆಯೇ ಇಟ್ಟೆ, ಬೆಟ್ಟದ ಮೇಲೆ ನಿಧಾನವಾಗಿ ಹೇಳಿದರಾಯಿತು — ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇನ್ನೊಬ್ಬನ ಬಾಯಿಯ ಮಾತನ್ನು ಕಸಿದುಕೊಂಡೆ ಎಂದು ಆಗ ಅನ್ನಿಸಲೇ ಇಲ್ಲ.

ಆ ದಿನವನ್ನು ಹೇಗೆ ಬರೆಯಲಿ? ನಾಚಿಕೆ ಬಿಟ್ಟು ಹೇಳುತ್ತೇನೆ — ನನ್ನ ಬಾಳಿನಲ್ಲಿ ಅಂಥ ಇನ್ನೊಂದು ದಿನ ಬರಲಿಲ್ಲ. ಬಂಡೆಗೆ ಕೊರೆದ ಕಚ್ಚುಗಳಲ್ಲಿ ಕಾಲಿಟ್ಟು, ಒಬ್ಬರ ಸೊಂಟಕ್ಕೆ ಇನ್ನೊಬ್ಬರು ಹಗ್ಗ ಕಟ್ಟಿಕೊಂಡು, ಹಂಡೆಯನ್ನು ಮೇಲಕ್ಕೆಳೆದೆವು. ರುದ್ರ ಮದುಮಗನೆಂದು ಯಾರೂ ಬಿಡಲಿಲ್ಲ. ಎಲೆಯ ಕಟ್ಟು ಅವನ ತಲೆಯ ಮೇಲೆ. ದೊಣೆಯ ತಣ್ಣೀರಲ್ಲಿ ಕಾಲಿಳಿಬಿಟ್ಟು ಕೂತು ಕರಜಿಕಾಯಿ ತಿಂದೆವು. ಹುಸೇನ್ ಸಾಬಿ ಎಲ್ಲರ ಕಿವಿಗೂ ಅತ್ತರಿನ ಹತ್ತಿ ಸಿಕ್ಕಿಸಿದ. ಹುಗ್ಗಿಗೆ ಜೇನು ಸುರಿದು, ಮೊಸರನ್ನಕ್ಕೆ ಸೌತೆಕಾಯಿ ಕೊಚ್ಚಿ — ಉಂಡವರೆಲ್ಲ ಬಂಡೆಯ ಮೇಲೆ ಹಾಗೇ ಅಂಗಾತ ಬಿದ್ದುಕೊಂಡರು. ನಕ್ಕು ನಕ್ಕು ರುದ್ರನ ಕಣ್ಣಲ್ಲಿ ನೀರು. ಊಟವಾದ ಮೇಲೆ ಬಟ್ಟೆಯ ಗಂಟು ಬಿಚ್ಚಿ ಕೆಂಪು ಪಟ ತೆಗೆದೆ. ಅವನು ಪಟದ ಅಂಚನ್ನು ಮುಟ್ಟಿ ನೋಡಿದ. ‘ಲೇ ಮಲ್ಲಾ, ಇದು ನಿಂಗಿನ್ನೂ ನೆನಪಿತ್ತೇನ್ಲಾ?’ ಎಂದ. ಆ ಒಂದು ಮಾತಿಗಾಗಿ ನಾನು ಅಷ್ಟೆಲ್ಲ ಮಾಡಿದ್ದು. ಅದು ನನಗೆ ಸಿಕ್ಕಿತು.

ಪಟ ಏರಿತು. ದಾರ ಸರಸರನೆ ಬಿಚ್ಚಿಕೊಂಡು ಉತ್ತರಕ್ಕೆ ಹೋಯಿತು. ಅತ್ತಲೇ ನೋಡುತ್ತಿದ್ದ ರುದ್ರ ಇದ್ದಕ್ಕಿದ್ದಂತೆ ಮೆತ್ತಗಾದ. ಉಳಿದವರಿಗೆ ಕೇಳದ ಹಾಗೆ ನನ್ನನ್ನು ಕೇಳಿದ: ‘ಅವಳನ್ನ ಕಂಡ್ಯೇನ್ಲಾ? ಏನಂದ್ಲು?’

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ಅವನಾಗಿಯೇ ಕೇಳಿದ್ದ. ಬುತ್ತಿ ಮುಗಿದಿತ್ತು, ಪಟ ಹಾರಿತ್ತು, ಇನ್ನು ಕೆಡುವುದೇನೂ ಉಳಿದಿರಲಿಲ್ಲ. ಜೇಬಿಗೆ ಕೈ ಹಾಕಿದೆ. ಹುಣಸೆ ಬೀಜಗಳು ಸಿಕ್ಕವು. ಆದರೂ — ಅವನ ಮುಖ ನೋಡಿದೆ ನಾನು. ಬೆಳಗಿನಿಂದ ನಮ್ಮ ಜೊತೆಗಿದ್ದವನು ಆ ಕ್ಷಣ ಅಲ್ಲಿರಲಿಲ್ಲ. ಮಂಜುಮಂಜಾದ ಆ ದೂರದಲ್ಲಿ ಎಲ್ಲೋ ಪಾವಗಡದ ಗುಡ್ಡವಿರಬೇಕು, ಅಲ್ಲಿದ್ದ. ಇಷ್ಟೆಲ್ಲ ಮಾಡಿದ ನನ್ನ ದಿನದಿಂದ ಎದ್ದು ಹೋಗಿ ನಿಮ್ಮ ಹತ್ತಿರ ನಿಂತುಬಿಟ್ಟಿದ್ದ. ಇನ್ನು ಸ್ವಲ್ಪ ಹೊತ್ತು, ಸಂಜೆಯವರೆಗೆ ಸಾಕು, ಅವನು ನನ್ನ ಗೆಳೆಯನಾಗಿಯೇ ಇರಲಿ ಅನ್ನಿಸಿತು. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚು. ಬೇರೆ ಹೆಸರು ಯಾಕೆ ಹುಡುಕಲಿ?

‘ಏನೂ ಅನ್ನಲಿಲ್ಲ ಕಣ್ಲಾ’ ಎಂದೆ.

ಅವನು ಮುಗುಳ್ನಕ್ಕ. ‘ಅಂಗಾದ್ರೆ ನಾವೇ ಏನಾರ ಹೇಳಿ ಕಳ್ಸಾಣ ಬುಡು’ ಎಂದು ದಾರವನ್ನು ಹಲ್ಲಿನಿಂದ ಕಡಿದುಬಿಟ್ಟ. ಕೆಂಪು ಪಟ ಒಂದು ಸಲ ಮುಗ್ಗರಿಸಿ, ಸರಿಯಾಗಿ, ನಿಮ್ಮ ಊರಿನ ಕಡೆಗೇ ಹೊರಟುಹೋಯಿತು. ಹುಸೇನ್ ಸಾಬಿ ‘ಯಾ ಅಲ್ಲಾ, ನನ್ ಪತಂಗ್!’ ಎಂದು ತಲೆ ಚಚ್ಚಿಕೊಂಡ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಇದನ್ನು ಅವನು ನಿಮಗೆ ಎಂದಾದರೂ ಹೇಳಿದ್ದಾನೆಯೇ? ಹೇಳಿರಲಾರ. ನಿಮ್ಮಿಬ್ಬರ ನಡುವೆ ಹೇಳುವಂಥ ದಿನಗಳನ್ನು ನಾನು ಉಳಿಸಲಿಲ್ಲವಲ್ಲ. ತಿಳಿದುಕೊಳ್ಳಿ, ಗಿರಿಜಮ್ಮ — ನೀವು ಅವನಿಗೆ ಒಂದು ಮಾತು ಕಳಿಸಿದಿರಿ, ಅವನು ನಿಮಗೆ ಒಂದು ಪಟ ಕಳಿಸಿದ. ಎರಡೂ ತಲುಪಲಿಲ್ಲ. ನಡುವೆ ನಿಂತವನು ನಾನು.

ಮದುವೆ ಪಾವಗಡದಲ್ಲಿ ನಡೆಯಿತು. ನೀವು ಬಂದ ಗಾಡಿಯಲ್ಲಿ ಚಿನ್ನಮ್ಮನೂ ಬಂತು. ಹೊಸ ಸೊಸೆಯ ಜೊತೆಗೆ ನಾಲ್ಕು ದಿನ ಇರಲು ಬಂದ ಮಗು ಎಂದು ಎಲ್ಲರೂ ತಿಳಿದರು. ನಾನು ರುದ್ರನಿಗೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಒಂದು ವಾರವಾಯಿತು. ಆ ಮಗು ಬಾವಿಕಟ್ಟೆಯಲ್ಲಿ ನನ್ನನ್ನು ಗುರುತು ಹಿಡಿದು ಓಡಿಬಂದು ಅಂಗೈ ಚಾಚುತ್ತಿತ್ತು, ಬೀಜ ಎಲ್ಲಿ ಎಂದು. ನಾನು ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದೆ.

ಒಂಬತ್ತನೆಯ ದಿನ ರುದ್ರನ ಮನೆಯಿಂದ ಕರೆ ಬಂತು. ಹೋದೆ. ಪಡಸಾಲೆಯಲ್ಲಿ ಅವನ ತಾಯಿ ಮುಖ ಗಂಟು ಹಾಕಿಕೊಂಡು ಕೂತಿದ್ದರು. ಕಂಬದ ಹತ್ತಿರ ನೀವು. ನಿಮ್ಮ ಸೆರಗಿನಲ್ಲಿ ಮಗು. ‘ನಾಳೆ ಗಾಡೀಗೆ ಕೂಸನ್ನ ಕಳ್ಸಮ್ಮ’ ಎಂದು ಆಕೆ ಹೇಳಿದ್ದರು. ‘ಇಲ್ಲೇ ಇರ್ತಾಳೆ, ಇವರು ಒಪ್ಪಿ ಅರಿಶಿನ ಕಳ್ಸಿದ್ರು’ ಎಂದು ನೀವು ಹೇಳಿದ್ದಿರಿ. ರುದ್ರ ಕಕ್ಕಾಬಿಕ್ಕಿಯಾಗಿದ್ದ. ನನ್ನನ್ನು ಕಂಡದ್ದೇ ಅವನ ಮುಖಕ್ಕೆ ಜೀವ ಬಂತು. ಮಲ್ಲ ಬಂದ, ಇನ್ನು ಎಲ್ಲ ಬಗೆಹರಿಯುತ್ತದೆ ಎಂಬ ನಂಬಿಕೆ.

‘ಮಲ್ಲಾ, ಇವಳು ನಿನ್ ಕೈಲಿ ನಂಗೇನಾರ ಹೇಳಿ ಕಳ್ಸಿದ್ಲಾ? ದೇವರಾಣೆ ಹೇಳ್ಲಾ. ನೀನ್ ಹೆಂಗಂದ್ರೆ ಅಂಗೆ.’

ನೀನ್ ಹೆಂಗಂದ್ರೆ ಅಂಗೆ. ಹೌದು ಎಂದಿದ್ದರೆ ಏನಾಗುತ್ತಿತ್ತು? ಅವನು ನನಗೆ ಒಂದು ಏಟು ಹೊಡೆಯುತ್ತಿದ್ದ. ನಾಲ್ಕು ತಿಂಗಳು ಮಾತು ಬಿಡುತ್ತಿದ್ದ. ಮಗು ಉಳಿಯುತ್ತಿತ್ತು. ನನಗೆ ಆ ನಾಲ್ಕು ತಿಂಗಳು ಬೇಡವಾಗಿತ್ತು, ಅಷ್ಟೇ! ಬೆಟ್ಟದ ಮೇಲೆ ಅವನ ಕಣ್ಣಲ್ಲಿ ನಾನು ಏನಾಗಿದ್ದೆನೋ ಅದರಿಂದ ಇಳಿಯಲು ಮನಸ್ಸಾಗಲಿಲ್ಲ. ಅದೇ ಮಾತು ಇನ್ನೊಂದು ಸಲ ಬಾಯಿಂದ ಬಂತು.

‘ಏನೂ ಅನ್ನಲಿಲ್ಲ. ಅರಿಶಿನ — ಶುಭಕ್ಕೆ ಅಂತ ನಮ್ಮಮ್ಮ ಇಟ್ಟಿರ್ಬೇಕು.’

ನೀವು ಅಳಲಿಲ್ಲ. ಜಗಳ ತೆಗೆಯಲಿಲ್ಲ. ನನ್ನ ಮುಖವನ್ನು ಒಂದು ಸಲ ಪೂರ್ತಿಯಾಗಿ ನೋಡಿದಿರಿ. ‘ಅಂಗಾದ್ರೆ ನಾನೇ ಕನಸು ಕಂಡಿರ್ಬೇಕು ಬುಡಿ’ ಎಂದು ಮಗುವನ್ನು ಎತ್ತಿಕೊಂಡು ಒಳಗೆ ಹೋದಿರಿ. ಏಳು ವರ್ಷದ ಮಗುವನ್ನು, ಎಳೆಗೂಸಿನ ಹಾಗೆ.

ತಾನು ಆಡದ ಮಾತನ್ನು ಹೆಂಡತಿ ತನ್ನ ಹೆಸರಿಗೆ ಕಟ್ಟಿದಳೆಂದು ನೊಂದ ರುದ್ರ ತಾಯಿಯ ಮಾತನ್ನು ಮೀರಲಿಲ್ಲ. ಮಾರನೆಯ ದಿನ ಗಾಡಿ ಹೊರಟಾಗ ನಾನು ನನ್ನ ಅಂಗಡಿಯ ಒಳಗೆ ಕೂತಿದ್ದೆ. ಗಾಲಿಯ ಸದ್ದು ಬೀದಿಯ ಕೊನೆಯವರೆಗೂ ಕೇಳಿಸಿತು. ಆ ಮಗುವಿಗೆ ಕೂಗಲು ಬಾರದಿದ್ದುದರಿಂದ ಬೀದಿಯವರಿಗೆ ಏನೂ ಗೊತ್ತಾಗಲಿಲ್ಲ.

ಅಲ್ಲಿಂದ ಒಂದು ವರ್ಷವೂ ಆಗಿರಲಿಲ್ಲ, ನಿಮ್ಮ ತಂದೆಯ ಕಾರ್ಡು ಬಂತು. ತೆಲುಗಿನಲ್ಲಿತ್ತು. ಓದಲು ಯಾರನ್ನು ಕರೆಯಬೇಕು? ನನ್ನನ್ನೇ ಕರೆದರು. ಅದೇ ಪಡಸಾಲೆ, ಅದೇ ಕಂಬ. ‘ಚಿನ್ನಮ್ಮ ಪೋಯಿಂದಿ’ ಎಂದು ಮೊದಲ ಸಾಲು. ಹೋಗಿಬಿಟ್ಟಿತು ಮಗು. ಚಿಕ್ಕಮ್ಮ ಎಷ್ಟು ಉಪಾಯ ಮಾಡಿದರೂ ಸರಿಯಾಗಿ ಉಣ್ಣಲೇ ಇಲ್ಲವಂತೆ. ಮೈ ಸವೆದು ಹೋಗಿತ್ತಂತೆ. ಕೊನೆಗೆ ಜ್ವರ ಒಂದು ನೆಪ. ನಾನು ಅದನ್ನು ನಿಮಗೆ ಕನ್ನಡದಲ್ಲಿ ಹೇಳಹೊರಟೆ. ನೀವು ಕೈಯೆತ್ತಿ ತಡೆದಿರಿ. ನಿಮಗೆ ತೆಲುಗು ಬರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು.

ಆಮೇಲೆ ನೀವು ನನ್ನೊಡನೆ ಮಾತಾಡಲಿಲ್ಲ. ಊಟ ಬಡಿಸಿದಿರಿ, ಮಜ್ಜಿಗೆ ಕೊಟ್ಟಿರಿ, ಹಬ್ಬದಲ್ಲಿ ಒಂದು ತುತ್ತು ಕಡಿಮೆ ಮಾಡಲಿಲ್ಲ. ಆದರೆ ನಮ್ಮ ಮನೆಯಿಂದ ಒಬ್ಬಟ್ಟು ಬಂದ ಪಾತ್ರೆ, ಪಾಯಸ ಬಂದ ಚೊಂಬು — ಮೂವತ್ತು ವರ್ಷವೂ ತೊಳೆದು, ಒರೆಸಿ, ಬರಿದಾಗಿಯೇ ಹಿಂದಕ್ಕೆ ಬಂದವು. ಒಂದು ಚೂರು ಬೆಲ್ಲವಿಲ್ಲ, ಒಂದು ಹೂವಿಲ್ಲ. ‘ಎಂಥಾ ಜನಾನೋ, ಪದ್ಧತಿ ಗೊತ್ತಿಲ್ವಾ’ ಎಂದು ನನ್ನ ಹೆಂಡತಿ ಗೊಣಗುತ್ತಿದ್ದಳು. ನಿಮಗಿಂತ ಚೆನ್ನಾಗಿ ಪದ್ಧತಿ ತಿಳಿದವರು ಈ ಬೀದಿಯಲ್ಲಿಲ್ಲ ಎಂದು ನಾನು ಹೇಗೆ ಹೇಳಲಿ?

ರುದ್ರ ಕೆಟ್ಟ ಗಂಡನಾಗಲಿಲ್ಲ. ಅದು ಇನ್ನೂ ಕಷ್ಟ. ಹೆಂಡತಿ ತಂಗಿಯ ಮೇಲಿನ ಪ್ರೀತಿಯಿಂದ ಒಂದು ಸುಳ್ಳು ಹೇಳಿದಳು, ಹೋಗಲಿ ಎಂದು ಅವನು ನಿಮ್ಮನ್ನು ಕ್ಷಮಿಸಿದ. ನಿಜ ಹೇಳಿದವರಿಗೆ ಕ್ಷಮೆ ಸಿಕ್ಕಿದರೆ ಅದನ್ನು ಹೊತ್ತು ಬಾಳುವುದು ಹೇಗೆ! ಸಂಜೆಯ ಹೊತ್ತು ಅವನು ನನ್ನ ಜಗಲಿಗೆ ಬರುವುದು ಮಾತ್ರ ತಪ್ಪಲಿಲ್ಲ. ಮದುವೆಯಾದ ಗಂಡಸು ಹೊತ್ತು ಮುಳುಗುತ್ತಲೇ ಗೆಳೆಯನ ಜಗಲಿಗೆ ಯಾಕೆ ಬರುತ್ತಾನೆ ಎಂದು ನಾನು ಕೇಳಿಕೊಳ್ಳಲಿಲ್ಲ. ಬರುತ್ತಾನಲ್ಲ ಎಂದು ಸಂತೋಷಪಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು!

ಮೊನ್ನೆ ನಿಮ್ಮ ಶಿವಲಿಂಗನಿಗೆ ಕೊರಟಗೆರೆಯ ಹೆಣ್ಣು ಗೊತ್ತಾಯಿತಲ್ಲ, ಆ ಸಂಜೆ ರುದ್ರ ನನ್ನನ್ನು ನಿಮ್ಮ ಪಡಸಾಲೆಗೇ ಕರೆದ. ತಲೆ ಪೂರ್ತಿ ನರೆತಿದೆ, ಆದರೂ ಮಾತು ಅದೇ ಹುಡುಗನದು. ‘ನಮ್ ಶಿವಲಿಂಗಂಗೂ ಅಂಥದ್ದೇ ಒಂದಿನ ಮಾಡ್ಬೇಕು ಕಣ್ಲಾ. ಬೆಟ್ಟ, ಹುಗ್ಗಿ, ಪಟ, ಎಲ್ಲಾ. ಅಂಥ ದಿನ ಮತ್ತೆ ನಂಗೆ ಬರ್ಲಿಲ್ಲ. ಬುತ್ತಿ ಕೇಳಾಕೂ ನೀನೇ ಹೋಗು.’ ನನಗೂ ಕಣ್ಣು ತುಂಬಿತು. ಅವನಿಗೂ ಆ ದಿನವೇ!

ನೀವು ಮಜ್ಜಿಗೆಯ ಲೋಟಗಳನ್ನು ಇಟ್ಟು, ಅವನ ಕಡೆ ನೋಡುತ್ತ ಹೇಳಿದಿರಿ: ‘ಬುತ್ತಿ ಕೇಳಾಕೆ ನಿಮ್ ಗೆಳೇರು ಬ್ಯಾಡ. ಬ್ಯಾರೆ ಯಾರಾನ ಹೋಗ್ಲಿ. ಆ ಹುಡ್ಗಿ ಏನಾನ ಹೇಳಿ ಕಳ್ಸಿದ್ರೆ, ಅದು ಈ ಮನೇಗೆ ಬಂದು ಸೇರ್ಬೇಕು.’

ರುದ್ರನಿಗೆ ಸಿಟ್ಟು ಬಂತು. ‘ಇನ್ನೂ ಅದನ್ನೇ ಹಿಡ್ಕಂಡಿದ್ದೀಯಲ್ಲೇ’ ಎಂದ. ನೀವು ಒಳಗೆ ಹೋದ ಮೇಲೆ ನನ್ನ ಮಂಡಿಯ ಮೇಲೆ ಕೈಯಿಟ್ಟ. ‘ತಪ್ಪು ತಿಳ್ಕಬ್ಯಾಡ ಮಲ್ಲಾ. ಅವಳ ಪರವಾಗಿ ನಾನ್ ಕ್ಷಮೆ ಕೇಳ್ತೀನಿ’ ಎಂದ.

ನನ್ನನ್ನು ಕ್ಷಮೆ ಕೇಳಿದ, ಗಿರಿಜಮ್ಮ. ನನ್ನನ್ನು!

ಆ ಕೈ ನನ್ನ ಮಂಡಿಯ ಮೇಲೆ ಎಷ್ಟು ಹೊತ್ತು ಇತ್ತೋ, ಅಷ್ಟು ಹೊತ್ತೂ ಬಾಯಿ ತೆರೆಯಲು ನೋಡಿದೆ. ಆಗಲಿಲ್ಲ. ಅದಕ್ಕೇ ಬರೆದೆ, ಬರೆದದ್ದನ್ನು ಓದಲಾದರೂ ಬಂದೀತು.

ನಾಳೆ ಬೆಳಿಗ್ಗೆ ರುದ್ರ ಸ್ನಾನ ಮುಗಿಸಿ, ವಿಭೂತಿ ಧರಿಸಿ, ಪಡಸಾಲೆಯಲ್ಲಿ ಕೂತಿರುತ್ತಾನೆ. ಆ ಹೊತ್ತಿಗೆ ಈ ಕಾಗದ ಹಿಡಿದು ಬಂದು, ನಿಮ್ಮೆಲ್ಲರ ಎದುರು ಓದುತ್ತೇನೆ. ಶಿವಲಿಂಗನೂ ಇರಲಿ. ನೀವು ಕಂಬದ ಮರೆಯಿಂದ ಈಚೆ ಬನ್ನಿ. ಇವತ್ತಿನವರೆಗೆ ನೀವು ನಿಂತಲ್ಲಿ ನಾನು ನಿಲ್ಲುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಚಿನ್ನಮ್ಮನ ಬದಲಿಗೆ ಕ್ಷಮಿಸುವ ಹಕ್ಕು ನಿಮಗೂ ಇಲ್ಲ, ಅವನಿಗೂ ಇಲ್ಲ.

ನಾಳೆ ಸಂಜೆ ನನ್ನ ಜಗಲಿ ಖಾಲಿಯಿರುತ್ತದೆ. ಅದು ನನಗೆ ಗೊತ್ತು. ಮೂವತ್ತು ವರ್ಷ ಹೆದರಿದ್ದು ಆ ಖಾಲಿ ಜಗಲಿಗೇ. ಆ ಬೆಟ್ಟದ ದಿನಕ್ಕಾಗಿ ಮನಸ್ಸು ಈಗಲೂ ಹಂಬಲಿಸುತ್ತದೆ — ಇಷ್ಟೆಲ್ಲ ಬರೆದ ಮೇಲೂ, ಈ ಗಳಿಗೆಯಲ್ಲೂ. ಕೆಂಪು ಪಟ ಏರುತ್ತಿದೆ, ಅವನು ನನ್ನ ಪಕ್ಕದಲ್ಲಿ ನಿಂತಿದ್ದಾನೆ, ಇನ್ನೂ ಏನೂ ಕೇಳಿಲ್ಲ. ಅಲ್ಲಿಗೇ ನಿಲ್ಲಲಿ ಎನ್ನುತ್ತದೆ ಮನಸ್ಸು. ಆದರೆ ಅವನು ಕೇಳಿದ್ದ. ಅವನ ಪ್ರಶ್ನೆ ಆ ಬಂಡೆಯ ಮೇಲೆ ಇನ್ನೂ ಉತ್ತರಕ್ಕೆ ಕಾದಿದೆ.

ಓದಿ ಮುಗಿಸಿದ ಮೇಲೆ ಅವನೆದುರು ನಿಂತು, ಕಾಗದ ನೋಡದೆ, ನಿಮ್ಮ ಮಾತನ್ನು ನಿಮ್ಮ ಮಾತಿನಲ್ಲೇ ಒಪ್ಪಿಸುತ್ತೇನೆ:

‘ರುದ್ರಾ, ಪಾವಗಡದಲ್ಲಿ ಅವರು ಇಂಗಂದ್ರು ಕಣ್ಲಾ — ನನ್ ತಂಗೀನ ಜತೇಗೆ ಕರ್ಕಂಡ್ ಬತ್ತೀನಿ. ಅವ್ಳು ನನ್ ಕೈಯಾಗಲ್ದೆ ಯಾರ್ ಕೈಯಾಗೂ ಉಣ್ಣಾಕಿಲ್ಲ. ಒಪ್ತಾರಾ ಅಂತ ಅವರ್ನೇ ಕೇಳಿ.’